ಒಲೆ ಆರಿಸದೆ ಹೋದವರು

ನ್ಯೂಯಾರ್ಕಿಗೆ ಹೋಗಿದ್ದೆ ಎಂದು ಊರಿನಲ್ಲಿ ಹೇಳಿಕೊಳ್ಳುವಾಗ ನಾನು ಹೆಚ್ಚಿಗೆ ವಿವರಿಸಲು ಹೋಗುವುದಿಲ್ಲ. ಕೇಳುವವರು ಮುಗಿಲು ಮುಟ್ಟುವ ಕಟ್ಟಡಗಳನ್ನು ಕಲ್ಪಿಸಿಕೊಂಡರೆ ಅದು ಅವರ ಭಾಗ್ಯ. ನಾನು ಆರು ತಿಂಗಳು ಇದ್ದದ್ದು ಅದೇ ಹೆಸರಿನ ರಾಜ್ಯದ ಒಳನಾಡಿನಲ್ಲಿ, ಫಿಂಗರ್ ಲೇಕ್ಸ್ ಎಂಬ ಬೆರಳು ಚಾಚಿದಂಥ ಸರೋವರಗಳ ಸೀಮೆಯಲ್ಲಿ. ಆ ಮಹಾನಗರ ಅಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ಅಕ್ಟೋಬರಿನಲ್ಲಿ ಹೋಗಿ ಏಪ್ರಿಲಿನಲ್ಲಿ ಬಂದೆವು. ‘ಚಳಿಗಾಲವನ್ನೇ ಹುಡುಕಿಕೊಂಡು ಹೋದಿರಾ’ ಎಂದು ಕೇಳಿದವರುಂಟು. ಬಾಣಂತನದ ತಿಂಗಳನ್ನು ಆರಿಸುವ ಅಧಿಕಾರ ಅಜ್ಜ ಅಜ್ಜಿಗೆ ಇರುವುದಿಲ್ಲ.

ಊರೆಂದರೆ ಒಂದು ಅಂಚೆ ಕಚೇರಿ, ಎರಡು ಚರ್ಚು, ಒಂದು ಪೆಟ್ರೋಲ್ ಬಂಕು, ಅಂಗೈಯಗಲದ ಗ್ರಂಥಾಲಯ, ನಟ್ಟನಡುವೆ ದೊಡ್ಡ ಕೆಂಪು ಬಾಗಿಲುಗಳ ಫೈರ್ ಸ್ಟೇಷನ್. ನಾವು ತಲುಪಿದ ಮರುದಿನವೇ ಅದು ತನ್ನ ಪರಿಚಯ ಮಾಡಿಕೊಂಡಿತು. ಹಗಲು ರಾತ್ರಿಗಳ ಲೆಕ್ಕ ತಪ್ಪಿ ನಾನು ಮಲಗಿದ್ದೆ. ಇಡೀ ಊರನ್ನು ಎತ್ತಿ ಅಲುಗಿಸಿದ ಹಾಗೆ ಸೈರನ್ ಕೂಗಿತು. ಪಾಸ್‌ಪೋರ್ಟು ಹಿಡಿದುಕೊಂಡು ಬಾಗಿಲಿಗೆ ಓಡಿದೆ. ತುಂಬು ಗರ್ಭಿಣಿ ಮಗಳು ಕದಲದೆ ಸೇಬು ಹೆಚ್ಚುತ್ತಿದ್ದಳು. ‘ಹನ್ನೆರಡಾಯ್ತಪ್ಪ, ಅಷ್ಟೆ’ ಎಂದಳು.

ಸೈರನ್ ಕೆಟ್ಟಿಲ್ಲ ಎಂದು ಖಾತರಿ ಮಾಡಿಕೊಳ್ಳಲು ದಿನಾ ಮಧ್ಯಾಹ್ನ ಒಮ್ಮೆ ಕೂಗಿಸುತ್ತಾರಂತೆ. ಒಂದು ಏರು, ಒಂದು ಇಳಿ, ಮುಗಿಯಿತು. ಏರಿ ಇಳಿದು ಮತ್ತೆ ಏರಿದರೆ ಎಲ್ಲೋ ಬೆಂಕಿ ಎಂದರ್ಥ. ನಾನು ಹೈಸ್ಕೂಲು ಓದಿದ ತಾಲ್ಲೂಕು ಪೇಟೆಯಲ್ಲೂ ಪುರಸಭೆಯದೊಂದು ಸೈರನ್ ಇತ್ತು. ಅದಕ್ಕೆ ಊರಿನವರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ಒತ್ತುವವನು ಯಾರ ಗಡಿಯಾರ ನೋಡಿ ಒತ್ತುತ್ತಿದ್ದ ಎಂಬುದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ.

ಎದುರು ಮನೆಯವನು ಕಸುಬಿನಲ್ಲಿ ಪ್ಲಂಬರ್. ಅವನ ಸೊಂಟದಲ್ಲಿ ಒಂದು ಪೇಜರ್. ನಮ್ಮಲ್ಲಿ ಆ ಜಾತಿಯೇ ಅಳಿದು ಇಪ್ಪತ್ತು ವರ್ಷವಾದ್ದರಿಂದ ಪಾಪ, ಮೊಬೈಲಿಗೆ ದುಡ್ಡಿಲ್ಲವೇನೋ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವನು ಊರಿನ ಫೈರ್ ಡಿಪಾರ್ಟ್‌ಮೆಂಟಿನವನು. ಶಾಲೆಯ ಬಸ್ಸು ಓಡಿಸುವವನು, ಹೈನುಗಾರ ಅಣ್ಣತಮ್ಮಂದಿರು, ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮುದ್ರೆ ಹಾಕುವ ಹೆಂಗಸು, ಎಲ್ಲರೂ ಅದರವರೇ. ಪೇಜರ್ ಕಿರುಚಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಓಡಬೇಕು. ಸ್ವಂತ ಗಾಡಿಯ ಮೇಲೆ ಒಂದು ನೀಲಿ ದೀಪ ಮಿನುಗಿಸಬಹುದು. ನೀಲಿ ದೀಪಕ್ಕೆ ದಾರಿ ಬಿಡಲೇಬೇಕೆಂದು ಅಲ್ಲಿನ ಕಾನೂನು ಹೇಳುವುದಿಲ್ಲ. ಆದರೂ ನಾನು ಕಂಡ ಮಟ್ಟಿಗೆ ಎಲ್ಲರೂ ಬಿಡುತ್ತಿದ್ದರು. ನಮ್ಮಲ್ಲಿ ಆಂಬುಲೆನ್ಸಿನ ಹಿಂದೆಯೇ ನುಗ್ಗಿ ಹೊತ್ತಿಗೆ ಮುಂಚೆ ಮನೆ ಸೇರುವ ವಿದ್ಯೆ ಬಲ್ಲ ನನಗೆ ಇದೊಂದು ಪವಾಡದಂತೆಯೇ ಕಂಡಿತು.

ಕನ್ನಡಿಗನ ಮೊದಲ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಿಬಿಟ್ಟೆ: ಸಂಬಳ ಎಷ್ಟು? ‘ಸೊನ್ನೆ. ಆದರೆ ಪ್ರತಿ ವರ್ಷ ದುಪ್ಪಟ್ಟು ಮಾಡುತ್ತಾರೆ’ ಎಂದ. ಆ ದೇಶದಲ್ಲಿ ಬೆಂಕಿ ಆರಿಸುವವರು ಹತ್ತು ಲಕ್ಷಕ್ಕೂ ಮಿಕ್ಕಿ ಇದ್ದಾರೆ. 2020ರ ಲೆಕ್ಕದಂತೆ ಅವರಲ್ಲಿ ಶೇಕಡಾ 65ರಷ್ಟು ಮಂದಿ ಹೀಗೆ ಸೊನ್ನೆಯ ದುಪ್ಪಟ್ಟು ಎಣಿಸುವವರು. ಸಂಬಳದವರು ಇರುವುದು ದೊಡ್ಡ ನಗರಗಳಲ್ಲಿ. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬ ಗಾದೆಯನ್ನು ಅವನಿಗೆ ವಿವರಿಸಲು ಹೋಗಿ ಹನುಮಂತ, ಲಂಕೆ, ಬಾಲ ಎಂದು ಸಿಕ್ಕು ಹೆಚ್ಚುತ್ತ ಹೋಯಿತು. ಬಾಲಕ್ಕೆ ಬೆಂಕಿ ಹಚ್ಚಿದವರು ಯಾರು, ಆಮೇಲೆ ಅದನ್ನು ಎಲ್ಲಿ ಆರಿಸಿದರು ಎಂದು ಅವನು ಗಂಭೀರವಾಗಿ ವಿಚಾರಿಸಿದ. ಸಮುದ್ರದಲ್ಲಿ ಅದ್ದಿದ ಎಂದಾಗ, ಒಳ್ಳೆಯ ಕೆಲಸ ಮಾಡಿದ ಎಂಬಂತೆ ತಲೆಯಾಡಿಸಿದ.

ಸಂಬಳವಿಲ್ಲದೆ ಬೆಂಕಿ ಆರಿಸುವ ಈ ಪದ್ಧತಿಗೆ ಅಡಿಗಲ್ಲು ಇಟ್ಟವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. 1735ರಲ್ಲಿ ಫಿಲಡೆಲ್ಫಿಯಾದ ತನ್ನದೇ ಪತ್ರಿಕೆಗೆ ಯಾರೋ ಮುದುಕ ಬರೆದಂತೆ ಒಂದು ಪತ್ರ ಬರೆದುಕೊಂಡ: ಉರಿಯುವ ಕೆಂಡವನ್ನು ಸಲಿಕೆಯಲ್ಲಿ ತುಂಬಿಕೊಂಡು ಕೋಣೆಯಿಂದ ಕೋಣೆಗೆ ಓಡಾಡಬೇಡಿ, ಮುಚ್ಚಳವಿರುವ ಪಾತ್ರೆಯಲ್ಲಿ ಒಯ್ಯಿರಿ ಎಂದು. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಬುದ್ಧಿ ಹೇಳಬೇಕಾದರೆ ಮುದುಕನ ವೇಷ ಹಾಕಬೇಕು ಎಂಬುದು ಅವನಿಗೆ ಗೊತ್ತಿತ್ತು. ವೇಷವಿಲ್ಲದ ಮುದುಕರ ಬುದ್ಧಿಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ನನಗೆ ಗೊತ್ತು. ಮರುವರ್ಷ, 1736ರ ಡಿಸೆಂಬರಿನಲ್ಲಿ, ಅವನೂ ಗೆಳೆಯರೂ ಸೇರಿ ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಸದಸ್ಯನಾದವನು ತೊಗಲಿನ ಬಕೆಟ್ಟುಗಳನ್ನೂ ಗಟ್ಟಿ ಚೀಲಗಳನ್ನೂ ಸದಾ ಸಿದ್ಧವಾಗಿ ಇಟ್ಟುಕೊಂಡಿರಬೇಕು. ಬಕೆಟ್ಟು ಸರಿ, ಚೀಲ ಯಾಕೆ? ಮನೆಯ ಸಾಮಾನನ್ನು ತುಂಬಿ ಹೊರಗೆ ಸಾಗಿಸಿ ಕಾಯುವುದಕ್ಕೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ನಮ್ಮ ಗಾದೆಯಲ್ಲಿ ಮಾತ್ರವಲ್ಲ, ಫಿಲಡೆಲ್ಫಿಯಾದಲ್ಲೂ ಇದ್ದರು.

ನಮ್ಮ ಮಲೆನಾಡಿನಲ್ಲಿ ಅಡಿಕೆ ಸೋಗೆಯ ಮಾಡಿಗೋ ಹುಲ್ಲಿನ ಬಣವೆಗೋ ಬೆಂಕಿ ಬಿದ್ದರೆ ಮೊದಲು ಏಳುತ್ತಿದ್ದದ್ದು ಕೂಗು. ಗುಡ್ಡದ ಈಚೆಯ ಕೂಗನ್ನು ಆಚೆಯವರು ಎತ್ತಿಕೊಳ್ಳುತ್ತಿದ್ದರು. ಹೆಂಗಸರು ಬಾವಿಯಿಂದ ಮನೆಯವರೆಗೆ ಸಾಲುಗಟ್ಟಿ ಕೊಡಪಾನ ದಾಟಿಸುತ್ತಿದ್ದರು, ಗಂಡಸರು ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿಯುತ್ತಿದ್ದರು. ಪೇಟೆಯಿಂದ ಬೆಂಕಿ ಆರಿಸುವ ಗಾಡಿ ಬರುವ ಹೊತ್ತಿಗೆ ಬೂದಿಯೂ ತಣ್ಣಗಾಗಿರುತ್ತಿತ್ತು. ತಪ್ಪು ಗಾಡಿಯದಲ್ಲ, ರಸ್ತೆಯದು. ಆ ಕೊಡಪಾನದ ಸಾಲನ್ನು ನಾನು ಮತ್ತೆ ಕಂಡದ್ದು ಅಲ್ಲಿ, ಅವರ ವಾರದ ತಾಲೀಮಿನಲ್ಲಿ. ಊರಾಚೆಯ ಹೊಲಮನೆಗಳಿಗೆ ನಲ್ಲಿಯ ಹೈಡ್ರಂಟ್ ಇಲ್ಲ. ಟ್ಯಾಂಕರಿನವರು ಕೆರೆಯಿಂದ ನೀರು ತಂದು, ಬಿಚ್ಚಿ ನಿಲ್ಲಿಸಿದ ಟಾರ್ಪಾಲಿನ ತೊಟ್ಟಿಗೆ ಸುರಿದು, ಮತ್ತೆ ಕೆರೆಗೆ ಓಡುತ್ತಾರೆ. ತೊಟ್ಟಿಯ ನೀರನ್ನು ಪಂಪು ಹೀರುತ್ತದೆ. ಕೊಡಪಾನಕ್ಕೆ ಚಕ್ರ ಬಂದಿದೆ, ಅಷ್ಟೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಟೇಷನ್ನಿನ ಗಾಡಿಗಳಲ್ಲ, ಅದರ ಮುಂದಿನ ಬೋರ್ಡು. ಅಕ್ಷರಗಳನ್ನು ಒಂದೊಂದಾಗಿ ಸಿಕ್ಕಿಸುವ, ಸಿನಿಮಾ ಟಾಕೀಸಿನದರಂಥ ಬೋರ್ಡು. ಇಂಗ್ಲಿಷಿನ ‘ಇ’ ಅಕ್ಷರ ಸಾಲದೆ ಬಂದರೆ 3ರ ಅಂಕಿಯನ್ನು ತಲೆಕೆಳಗು ಮಾಡಿ ಹಾಕುತ್ತಿದ್ದರು. ಬೆಳಗಿನ ವಾಕಿಂಗಿನಲ್ಲಿ ಅದನ್ನು ಓದುವುದು ನನಗೆ ದಿನಪತ್ರಿಕೆಯ ಸುಖವಾಯಿತು. ನವೆಂಬರಿನ ಮೊದಲ ಭಾನುವಾರ ಆ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೋರ್ಡು ಅಂದು, ಹೊಗೆ ಅಲಾರಮ್ಮಿನ ಬ್ಯಾಟರಿಯನ್ನೂ ಬದಲಿಸಿ ಎಂದಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ, ಟರ್ಕಿ ಕೋಳಿಯ ಮಂಜು ಪೂರ್ತಿ ಕರಗುವ ಮೊದಲು ಎಣ್ಣೆಗೆ ಬಿಡಬೇಡಿ ಎಂದಿತು. ಒದ್ದೆ ಕೈಯಲ್ಲಿ ಕಾದ ಎಣ್ಣೆಗೆ ಹೀರೆಕಾಯಿ ಬೋಂಡ ಬಿಟ್ಟವರಿಗೆ ಇದರ ಹಿಂದಿನ ಭೌತಶಾಸ್ತ್ರ ಹೇಳಬೇಕಾಗಿಲ್ಲ. ಹಿಮ ಬಿದ್ದಾಗ ಮನೆ ಮುಂದಿನ ಹೈಡ್ರಂಟಿನ ಸುತ್ತ ಅಗೆದು ಜಾಗ ಮಾಡಿ ಎಂದಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಾವು ನಗುತ್ತೇವೆ. ಇವರು ಆ ಬಾವಿಯನ್ನು ಪ್ರತಿ ಹಿಮಕ್ಕೂ ಮುಂಚಿತವಾಗಿ ತೋಡಿಸುತ್ತಿದ್ದರು. ಕೆಳಸಾಲಿನಲ್ಲಿ ಮಾತ್ರ ಒಂದೇ ವಾಕ್ಯ, ಬಿಸಿಲು ಮಳೆಗೆ ಬಣ್ಣ ಹೋದ ಅಕ್ಷರಗಳಲ್ಲಿ: ಸ್ವಯಂಸೇವಕರು ಬೇಕಾಗಿದ್ದಾರೆ. ಆರು ತಿಂಗಳಲ್ಲಿ ಅದನ್ನು ಒಮ್ಮೆಯೂ ತೆಗೆದದ್ದು ನೋಡಲಿಲ್ಲ. 1984ರಲ್ಲಿ ದೇಶದಲ್ಲಿ ಇಂಥವರು ಒಂಬತ್ತು ಲಕ್ಷದ ಹತ್ತಿರ ಇದ್ದರು, 2020ರಲ್ಲಿ ಏಳು ಲಕ್ಷವೂ ಇರಲಿಲ್ಲ. ಪ್ಲಂಬರಿಗೇ ಅರವತ್ತರ ಹತ್ತಿರ. ತಾನು ಕಿರಿಯರ ಗುಂಪಿನವನು ಎಂದು ನಗುತ್ತಿದ್ದ. ಅದು ನಗುವ ಮಾತಲ್ಲ ಎಂದು ಅವನಿಗೂ ಗೊತ್ತಿತ್ತು.

ಬ್ಯಾಟರಿಯ ಮಾತು ಬಂತಲ್ಲ. ಒಗ್ಗರಣೆಗೆ ಅಲಾರಂ ಕೂಗಿದ ಕಥೆಯನ್ನು ನಾನು ಹೇಳುವುದಿಲ್ಲ; ಅಮೆರಿಕಕ್ಕೆ ಹೋಗಿಬಂದ ಪ್ರತಿ ಕನ್ನಡಿಗನ ಹತ್ತಿರವೂ ಅದು ಒಂದೊಂದು ಇದೆ. ನಮ್ಮದು ಬೇರೆ. ನಾವು ಮಲಗುವ ಕೋಣೆಯ ಮೇಲೆ ಎಲ್ಲಿಂದಲೋ ನಿಮಿಷಕ್ಕೊಮ್ಮೆ ‘ಚಿಕ್’ ಎಂದು ಸದ್ದು. ‘ಹಲ್ಲಿ ನುಡಿಯಿತು’ ಎಂದಳು ಹೆಂಡತಿ. ಹೆರಿಗೆ ಸಲೀಸಾಗುತ್ತದೆ ಎಂದು ಅವಳು ಹೇಳುತ್ತಿದ್ದಂತೆಯೇ ಅದು ‘ಚಿಕ್’ ಎಂದಿತ್ತು. ಕೃಷ್ಣ ಕೃಷ್ಣ ಎಂದು ನೆಲ ತಟ್ಟಿದಳು. ಎರಡು ದಿನ ಅವಳು ಆಡಿದ್ದೆಲ್ಲ ಸತ್ಯವಾಗುತ್ತ ಹೋಯಿತು: ಮಗು ಗಂಡು, ಅಳಿಯನಿಗೆ ಬಡ್ತಿ, ನಮ್ಮ ತೋಟದ ಮೊಕದ್ದಮೆ ನಮ್ಮ ಕಡೆಗೆ. ಆ ಚಳಿಗೆ ಹಲ್ಲಿ ಎಲ್ಲಿಂದ ಬರಬೇಕು ಎಂಬ ಸಂಶಯ ನನಗೆ ಬಂದರೂ, ಮೊಕದ್ದಮೆಯ ವಿಚಾರ ಇತ್ಯರ್ಥವಾಗುವವರೆಗೆ ಸುಮ್ಮನಿದ್ದೆ. ಮೂರನೆಯ ದಿನ ಪ್ಲಂಬರ್ ಏಣಿ ಹಾಕಿ ಹತ್ತಿ, ಮಾಡಿನಿಂದ ಬಿಳಿಯ ತಟ್ಟೆಯೊಂದನ್ನು ತಿರುಗಿಸಿ ತೆಗೆದು, ಒಳಗಿನ ಸತ್ತ ಬ್ಯಾಟರಿಯನ್ನು ನನ್ನ ಕೈಗಿಟ್ಟ. ಹುಟ್ಟಿದ್ದು ಹೆಣ್ಣುಮಗು. ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಅಕ್ಟೋಬರಿನಲ್ಲಿ ಅವರಿಗೊಂದು ಬೆಂಕಿ ಮುನ್ನೆಚ್ಚರಿಕೆಯ ವಾರವಿದೆ. ಆಗ ಸ್ಟೇಷನ್ನಿನ ಬಾಗಿಲು ಮಕ್ಕಳಿಗೆ ತೆರೆದಿರುತ್ತದೆ. 1871ರ ಅಕ್ಟೋಬರ್ 8ರ ರಾತ್ರಿ ಶುರುವಾದ ಶಿಕಾಗೋದ ಮಹಾ ಬೆಂಕಿಯ ನೆನಪಿಗೆ ಹುಟ್ಟಿದ ವಾರ ಅದು. 1925ರಲ್ಲಿ ಅಧ್ಯಕ್ಷ ಕೂಲಿಜ್ ಅದನ್ನು ದೇಶಕ್ಕೆಲ್ಲ ಸಾರಿದ. ಓಲಿಯರಿ ಎಂಬಾಕೆಯ ಹಸು ಲಾಟೀನು ಒದ್ದು ಶಿಕಾಗೋ ಸುಟ್ಟಿತು ಎಂದು ನೂರಕ್ಕೂ ಹೆಚ್ಚು ವರ್ಷ ಆಡಿಕೊಂಡರು. ಕೊನೆಗೆ 1997ರಲ್ಲಿ ಅಲ್ಲಿನ ನಗರಸಭೆಯೇ ಆಕೆಯನ್ನೂ ಹಸುವನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಪುಣ್ಯಕೋಟಿಯ ನಾಡಿನಿಂದ ಹೋದ ನನಗೆ ಹಸುವಿನ ಮೇಲೆ ಮೊದಲಿಂದಲೂ ಅನುಮಾನವಿರಲಿಲ್ಲ. ಅದೇ ರಾತ್ರಿ ವಿಸ್ಕಾನ್ಸಿನ್ನಿನ ಪೆಶ್ಟಿಗೊ ಎಂಬ ಕಾಡಂಚಿನ ಊರೂ ಸುಟ್ಟಿತು. ಶಿಕಾಗೋದಲ್ಲಿ ಸತ್ತವರು ಸುಮಾರು 300, ಪೆಶ್ಟಿಗೊ ಸೀಮೆಯಲ್ಲಿ ಸಾವಿರಕ್ಕೂ ಮೀರಿ. ಆದರೂ ನೆನಪು ಉಳಿದದ್ದು ಶಿಕಾಗೋದ್ದು. ಪೆಶ್ಟಿಗೊದಲ್ಲಿ ಆಡಿಕೊಳ್ಳಲು ಒಂದು ಹಸು ಇರಲಿಲ್ಲ. ನಮಗೂ ಅಂಥದೊಂದು ವಾರವಿದೆ, ಏಪ್ರಿಲ್ 14ರಿಂದ. 1944ರ ಆ ದಿನ ಮುಂಬಯಿಯ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು, ಆರಿಸಲು ಹೋಗಿದ್ದ ಅಗ್ನಿಶಾಮಕ ದಳದವರು 66 ಮಂದಿ ಸತ್ತರು. ಮೂವತ್ತೈದು ವರ್ಷ ಮೇಷ್ಟರಾಗಿದ್ದ ನಾನು ಇದನ್ನು ತಿಳಿದದ್ದು, ಪ್ಲಂಬರ್ ‘ನಿಮ್ಮಲ್ಲಿ ಯಾವಾಗ?’ ಎಂದು ಕೇಳಿದ ಮೇಲೆ ಹುಡುಕಿ ನೋಡಿ.

ಫೆಬ್ರವರಿಯಲ್ಲಿ ಬೋರ್ಡಿನ ಮೇಲೆ ‘ಭಾನುವಾರ ಪ್ಯಾನ್‌ಕೇಕ್’ ಎಂದು ಬಂತು. ಒಂದು ಹೊಸ ಗಾಡಿಗೆ ಲಕ್ಷಗಟ್ಟಲೆ ಡಾಲರ್. ತೆರಿಗೆಯಿಂದ ಬಂದದ್ದು ಸಾಲದೆ ಊರಿಗೆ ಉಣಬಡಿಸಿ ದುಡ್ಡು ಎತ್ತುತ್ತಾರೆ. ಬೇಸಿಗೆಯಲ್ಲಾದರೆ ಕೋಳಿ ಸುಡುತ್ತಾರಂತೆ, ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್ ಎಂಬ ಪ್ರೊಫೆಸರ್ 1950ರಲ್ಲಿ ಪ್ರಕಟಿಸಿದ ವಿನಿಗರಿನ ಮಸಾಲೆಯಲ್ಲಿ. ಅಷ್ಟು ದೊಡ್ಡ ವಿದ್ವತ್ತು ಸಸ್ಯಾಹಾರಿಯಾದ ನನ್ನ ಪಾಲಿಗೆ ದಕ್ಕಲಿಲ್ಲ. ಪ್ಯಾನ್‌ಕೇಕ್‌ನಲ್ಲಿ ಮೊಟ್ಟೆ ಇರುತ್ತದೆ ಎಂಬುದನ್ನು ನಾನು ಹೆಂಡತಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಗಾಡಿಗಳನ್ನು ಅಂಗಳಕ್ಕೆ ಸರಿಸಿ, ಅವು ನಿಲ್ಲುವ ಜಾಗದಲ್ಲಿ ಉದ್ದನೆಯ ಮೇಜು ಹಾಕಿದ್ದರು. ಬಾಗಿಲ ಹತ್ತಿರ ಮಂಚದಷ್ಟು ಅಗಲದ ಗ್ಯಾಸ್ ಕಾವಲಿಗಳು ಎರಡು. ಪ್ಲಂಬರೂ ಬಸ್ಸಿನವನೂ ಏಪ್ರನ್ ಕಟ್ಟಿಕೊಂಡು ಹಿಟ್ಟು ಹೊಯ್ಯುತ್ತಿದ್ದರು. ನೂರು ಜನರ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ಹತ್ತು ಸೊಂಟಗಳಲ್ಲಿ ಹತ್ತು ಪೇಜರ್ ಒಟ್ಟಿಗೆ ಕಿರುಚಿದವು, ಮೇಲಿನಿಂದ ಸೈರನ್ ಏರಿತು. ಚಟ್ಟುಗಗಳು ಬಿದ್ದವು. ಏಪ್ರನ್ನಿನ ಮೇಲೆಯೇ ಕೋಟು ತೊಟ್ಟು ಓಡಿದರು. ನಿಮಿಷದೊಳಗೆ ಅಂಗಳ ಖಾಲಿ. ಕಾವಲಿಯ ಮೇಲೆ ಇಪ್ಪತ್ತು ಪ್ಯಾನ್‌ಕೇಕುಗಳು ಹೊಗೆಯಾಡತೊಡಗಿದವು.

‘ಬೆಂಕಿ ಆರಿಸೋಕೆ ಹೋಗೋರು ಒಲೆ ಆರಿಸದೆ ಹೋದ್ರಲ್ಲ!’ ಎಂದಳು ಹೆಂಡತಿ. ಹೇಳಿದವಳು ಆರಿಸಲಿಲ್ಲ, ಸಣ್ಣ ಮಾಡಿದಳು. ಶಾಲನ್ನು ಸೊಂಟಕ್ಕೆ ಬಿಗಿದು ಚಟ್ಟುಗ ಎತ್ತಿಕೊಂಡಳು. ಸುಟ್ಟವನ್ನು ಬದಿಗೆ ತಳ್ಳಿ, ಕಾವಲಿಗೆ ನೀರು ಚಿಮುಕಿಸಿ ಸುಯ್ಯೆನಿಸಿ, ಹಿಟ್ಟು ಹೊಯ್ದು ಸೌಟಿನ ತಳದಿಂದ ಸುತ್ತ ಹರಡಿದಳು. ಪ್ಯಾನ್‌ಕೇಕನ್ನು ಹರಡಬಾರದು, ಅದು ದಪ್ಪಗೆ ಉಬ್ಬಬೇಕು ಎಂದು ಗ್ರಂಥಾಲಯದ ಹೆಂಗಸಿನ ಗಂಡ ಮೆಲ್ಲಗೆ ಹೇಳಿದ. ಅವನ ತಟ್ಟೆಗೆ ಅಂಚು ಗರಿಗರಿಯಾದ, ಕಾಗದದಷ್ಟು ತೆಳ್ಳನೆಯದು ಬಿತ್ತು. ತಿಂದ. ಇನ್ನೊಂದಕ್ಕೆ ಬಂದ. ಮುಂದಿನ ಮುಕ್ಕಾಲು ಗಂಟೆ ನಾನು ಹಿಟ್ಟು ಕಲಸುವವನು. ನನ್ನ ಕೈ ನೋಡಿ ಅವಳು ಮನೆಯಲ್ಲಿ ಹೇಳುವುದನ್ನೆಲ್ಲ ಅಲ್ಲೂ ಹೇಳಿದಳು, ಕನ್ನಡದಲ್ಲಿ.

ಅವರು ಮರಳಿದಾಗ ಮೈಯೆಲ್ಲ ಹೊಗೆಯ ವಾಸನೆ. ಒಂದು ಹೊಲಮನೆಯ ಚಿಮಣಿಯೊಳಗಿನ ಮಸಿಗೆ ಬೆಂಕಿ ಹತ್ತಿತ್ತಂತೆ, ಮನೆ ಉಳಿಯಿತು. ಕಾವಲಿಯ ಹಿಂದೆ ನಿಂತ ಸೀರೆಯನ್ನು ನೋಡಿ ಪ್ಲಂಬರ್ ಏನೂ ಕೇಳದೆ ಖಾಲಿ ತಟ್ಟೆ ಹಿಡಿದು ಸಾಲಿನ ಕೊನೆಯಲ್ಲಿ ನಿಂತ.

ಮಾರ್ಚಿನಲ್ಲಿ ನಾನೇ ತಪ್ಪಿದೆ. ಹಿಮ ಕರಗಿತ್ತು, ಹಿತ್ತಿಲ ತುಂಬ ಹೋದ ವರ್ಷದ ಎಲೆ. ಮಲೆನಾಡಿನವನಿಗೆ ದರಕು ಕಂಡರೆ ಕೈ ಸುಮ್ಮನಿರುವುದಿಲ್ಲ. ಗುಡಿಸಿ ಗುಡ್ಡೆ ಹಾಕಿ ಬೆಂಕಿಪೊಟ್ಟಣ ತಂದೆ. ಪ್ಲಂಬರ್ ರಸ್ತೆ ದಾಟಿ ಬಂದು ಹವೆಯ ಬಗ್ಗೆ ಮಾತಾಡಿದ, ಮಗುವಿನ ಬಗ್ಗೆ ಕೇಳಿದ, ಪೊಟ್ಟಣವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಆ ರಾಜ್ಯದಲ್ಲಿ ಮಾರ್ಚ್ 16ರಿಂದ ಮೇ 14ರವರೆಗೆ ಒಣ ಟೊಂಗೆಕಡ್ಡಿಯನ್ನೂ ಸುಡುವಂತಿಲ್ಲ. ಹಿಮ ಹೋಗಿ ಹಸಿರು ಇನ್ನೂ ಬಾರದ ಆ ನಡುವಿನ ದಿನಗಳಲ್ಲಿ ಸತ್ತ ಹುಲ್ಲು ಬೆಂಕಿಪೊಟ್ಟಣಕ್ಕಿಂತ ಒಣಗಿರುತ್ತದೆ. ಬೋರ್ಡಿನಲ್ಲಿ ಹಾಕಿದ್ದರು, ನಾನು ದಿನಾ ಓದಿಯೂ ಇದ್ದೆ. ಬೇರೆಯವರಿಗೆ ಹೇಳಿದ್ದು ಅಂದುಕೊಂಡಿದ್ದೆ.

ಊರಿಗೆ ಬಂದ ಮೇಲೆ ಶನಿವಾರ ರಾತ್ರಿ ಮಗಳಿಗೆ ಫೋನು ಮಾಡುತ್ತೇವೆ. ಬೇಸಿಗೆಯಲ್ಲಿ ನಮಗೆ ಒಂಬತ್ತೂವರೆ ಎಂದರೆ ಅವಳಿಗೆ ನಡುಹಗಲು. ಮಾತಿನ ನಡುವೆ ಆ ಸೈರನ್ ಫೋನಿನೊಳಗಿಂದ ಸಣ್ಣಗೆ ಕೇಳುತ್ತದೆ. ಹೆಂಡತಿ ಗೋಡೆ ಗಡಿಯಾರ ನೋಡಿ ‘ಎರಡು ನಿಮಿಷ ಹಿಂದಿದೆ’ ಎನ್ನುತ್ತಾಳೆ. ಮೊನ್ನೆ ಅದು ಏರಿತು, ಇಳಿಯಿತು, ಮತ್ತೆ ಏರಿತು. ನಾವು ಮೂವರೂ ಮಾತು ನಿಲ್ಲಿಸಿದೆವು. ಮಗಳು ಕಿಟಕಿಗೆ ಹೋದ ಸದ್ದು. ‘ಎದುರು ಮನೆಯವನು ಹೊರಟ, ನೀಲಿ ದೀಪ ಹಾಕಿದ್ದಾನೆ’ ಎಂದಳು.

‘ಒಲೆ ಆರಿಸಿದ್ದಾನಾ ಹೋಗಿ ನೋಡು’ ಎಂದಳು ಹೆಂಡತಿ.