ಐದರಲ್ಲಿ ಒಂದು ಹಿಡಿತ ಬಿಡಿಸಿಕೊಂಡವರು

(ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕಕ್ಕೆ ಮಣಿಯದ ಎಂಟೆರೊಕಾಕಸ್ ಎಂಬ ಕರುಳುವಾಸಿ ಬ್ಯಾಕ್ಟೀರಿಯಾದ ಕಾಲ್ಪನಿಕ ಸಂದರ್ಶನವಿದು. ಉತ್ತರಿಸಿದವರನ್ನು ಯಾವ ಆಸ್ಪತ್ರೆಯೂ ‘ಉತ್ತಮ ಪುರುಷ’ರೆಂದು ಒಪ್ಪದ ಕಾರಣ ಉತ್ತರಗಳೆಲ್ಲ ಅನ್ಯಪುರುಷದಲ್ಲಿಯೇ ಇವೆ.)

ಪ್ರಶ್ನೆ: 1958ರಿಂದ ಬಳಕೆಯಲ್ಲಿರುವ ವ್ಯಾಂಕೊಮೈಸಿನ್‌ನೊಡನೆ ತಮ್ಮ ವಂಶದ ಹಗೆ ಯಾವ ಬಗೆಯದು?

ಉತ್ತರ: ಕೋಶಭಿತ್ತಿ ಕಟ್ಟಲು ಬೇಕಾದ ಇಟ್ಟಿಗೆಯಂಥ ಅಣುವಿನ ಬಾಲದ ತುದಿಯಲ್ಲಿ ಡಿ-ಅಲನೈನ್ ಎಂಬ ಅಮೈನೊ ಆಮ್ಲದ ಜೋಡಿಯಿದ್ದು, ವ್ಯಾಂಕೊಮೈಸಿನ್ ಅದನ್ನು ತನ್ನ ಬಟ್ಟಲಿನಂಥ ಒಡಲಿಗೆ ಸೇರಿಸಿಕೊಂಡು ಐದು ಹೈಡ್ರೊಜನ್ ಬಂಧಗಳಿಂದ ಹಿಡಿದುಬಿಡುವುದರಿಂದ ಗೋಡೆಯ ಕೆಲಸ ನಿಂತುಹೋಗುತ್ತದೆ. ಬೆಸುಗೆಯಿಲ್ಲದೆ, ಇಂಥ ದುರ್ಬಲ ಸೆಳೆತಗಳಿಂದಲೇ ಅಣುಗಳು ಒಂದನ್ನೊಂದು ಗುರುತಿಸಿ ಕೂಡಿಕೊಳ್ಳುವ ಬಗೆಯನ್ನು ಅರಿಯುವ ಶಾಖೆಯೇ ಸುಪ್ರಾಮಾಲಿಕ್ಯುಲರ್ ರಸಾಯನಶಾಸ್ತ್ರ. ಅದರ ಬುನಾದಿ ಹಾಕಿದ ಮೂವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ಸಂದಾಗ ವಂಶದ ಕೆಲವರು ಆ ಹಿಡಿತದಿಂದ ಆಗಲೇ ನುಣುಚಿಕೊಂಡಿದ್ದರು.

ಪ್ರಶ್ನೆ: ನುಣುಚಿಕೊಂಡ ಉಪಾಯ?

ಉತ್ತರ: ತುದಿಯ ಅಲನೈನ್‌ನ ಜಾಗದಲ್ಲಿ ಲ್ಯಾಕ್ಟೇಟನ್ನು ಕೂರಿಸಲಾಯಿತು, ಎಂದರೆ ನೈಟ್ರೊಜನ್-ಹೈಡ್ರೊಜನ್ ಜೋಡಿಯೊಂದು ಹೋಗಿ ಆಕ್ಸಿಜನ್ ಬಂತು. ಐದು ಬಂಧಗಳಲ್ಲಿ ಒಂದು ಕಡಿದು, ಅದೇ ಜಾಗದಲ್ಲಿ ಎದುರುಬದುರಾದ ಎರಡು ಆಕ್ಸಿಜನ್‌ಗಳು ಒಂದನ್ನೊಂದು ದೂಡತೊಡಗಿದ್ದರಿಂದ ಹಿಡಿತ ಸುಮಾರು 1,000 ಪಟ್ಟು ಸಡಿಲವಾಯಿತು.

ಪ್ರಶ್ನೆ: ಈ ವಿದ್ಯೆಗೆ ಪೋಷಕರು ಯಾರು?

ಉತ್ತರ: ಯುರೋಪಿನಲ್ಲಿ ಕೋಳಿ, ಹಂದಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದ ಅವೊಪಾರ್ಸಿನ್ ಎಂಬುದು ವ್ಯಾಂಕೊಮೈಸಿನ್‌ನ ದಾಯಾದಿಯೇ ಆದ್ದರಿಂದ, ವಂಶದ ಮಕ್ಕಳಿಗೆ ಊಟ, ವಸತಿ, ತಾಲೀಮು ಮೂರೂ ಕೋಳಿಯ ಕರುಳಿನಲ್ಲೇ ಪುಕ್ಕಟೆಯಾಗಿ ದೊರೆತವು. 1997ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ನಿಷೇಧಿಸಿದ್ದು ಬಡವರ ಹೊಟ್ಟೆಯ ಮೇಲೆ ಹೊಡೆದಂತೆ.

ಪ್ರಶ್ನೆ: ರಸಾಯನವಿಜ್ಞಾನಿಗಳ ಮೇಲೆ ದೂರುಂಟೆ?

ಉತ್ತರ: ಉಂಟು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಡೇಲ್ ಬೋಗರ್ ತಂಡವು ಔಷಧದೊಳಗಿನ ಒಂದು ಆಕ್ಸಿಜನ್ ಪರಮಾಣುವನ್ನು ಬದಲಿಸಿ, ಹಳೆಯ ಬಾಲ, ಹೊಸ ಬಾಲ ಎರಡನ್ನೂ ಹಿಡಿಯಬಲ್ಲ ವ್ಯಾಂಕೊಮೈಸಿನ್ ರೂಪಿಸಿದ್ದು ಮುಯ್ಯಿಗೆ ಮುಯ್ಯಿ. ಆದರೆ 2017ರಲ್ಲಿ ಮೂರು ಬಗೆಯಿಂದ ಹೊಡೆಯುವ ರೂಪವನ್ನು ಪ್ರಕಟಿಸಿದ್ದು ಅತಿಯಾಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರಂತೂ ಔಷಧಕ್ಕೆ ಧನಾವೇಶದ ಜಿಡ್ಡುಬಾಲ ಜೋಡಿಸಿ, ಗೋಡೆಯ ಜಗಳವನ್ನು ಒಳಗಿನ ಪೊರೆಯವರೆಗೂ ತಂದಿದ್ದಾರೆ.

ಪ್ರಶ್ನೆ: ಹಾಗಾದರೆ ವಂಶದ ಭವಿಷ್ಯ?

ಉತ್ತರ: ಪ್ರಯೋಗಾಲಯದ ಔಷಧ ರೋಗಿಯ ಹಾಸಿಗೆ ತಲಪಲು ವರ್ಷಗಟ್ಟಲೆ ಬೇಕು. ತಲಪಿದ ಮೇಲೂ, ವೈರಸ್ಸಿನಿಂದ ಬರುವ ನೆಗಡಿಗೆ ಪ್ರತಿಜೀವಕ ನುಂಗುವ ಔದಾರ್ಯ ಮನುಷ್ಯರಲ್ಲಿ ಉಳಿದಿರುವವರೆಗೆ ವಂಶದ ತಾಲೀಮಿಗೆ ಕೊರತೆಯಾಗದು.

(ಸಂದರ್ಶನ ಮುಗಿಯುವಷ್ಟರಲ್ಲಿ ಉತ್ತರಿಸಿದವರು ಒಡೆದು ಇಬ್ಬರಾಗಿದ್ದರಿಂದ, ಒಪ್ಪಿಗೆಯ ಸಹಿಯನ್ನು ಯಾರಿಂದ ಪಡೆಯಬೇಕೆಂಬುದು ತೀರ್ಮಾನವಾಗಲಿಲ್ಲ.)