ಬಳಚಿಗೆ ನಾಚಿಕೆ

ವಾರವಿಡೀ ಅಡುಗೆಮನೆಗೆ ತಲೆಹಾಕದ ಗಂಡಸು ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿಕಟ್ಟಿ, "ಇವತ್ತು ಯಾರೂ ಒಲೆ ಹತ್ರ ಬರಬೇಡಿ, ಅಡುಗೆ ನಂದು" ಎಂದನೋ, ಆ ಮನೆಯವರ ಕಥೆ ಮುಗಿಯಿತು. ಅವತ್ತು ಎಲ್ಲರಿಗೂ ದಿನಕ್ಕಿಂತ ದುಪ್ಪಟ್ಟು ಕೆಲಸ. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಕೆಲವರದು ಬಿರಿಯಾನಿ, ಕೆಲವರದು ನಾಟಿಕೋಳಿ. ಹೊಸಬಾಳೆಯಲ್ಲಿರುವ ನಮ್ಮ ಬಾವನದು ಕಡಲಂಚಿನ ಚಿಪ್ಪುಮೀನು, ಬಳಚು.

ಸೊರಬದ ಸೀಮೆಗೂ ಸಮುದ್ರಕ್ಕೂ ಹೇಳಿಕೊಳ್ಳುವಂಥ ನೆಂಟಸ್ತಿಕೆ ಇಲ್ಲ. ಇಲ್ಲಿ ಬಿದ್ದ ಮಳೆ ದಂಡಾವತಿಗೋ ವರದೆಗೋ ಸೇರಿ, ತುಂಗಭದ್ರೆ, ಕೃಷ್ಣೆ ಎಂದು ಸುತ್ತಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಬಾವನ ನಾಲಿಗೆ ಮಾತ್ರ ಪಶ್ಚಿಮಕ್ಕೇ ಹರಿಯುವುದು. ಶನಿವಾರ ಕೋಳಿ ಕೂಗುವ ಮೊದಲೇ ಎದ್ದು, ಬನವಾಸಿ, ಶಿರಸಿ ಹಾದು, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತಾರೆ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ಎಲ್ಲೂ ಅಣೆಕಟ್ಟಿಗೆ ಸಿಗದೆ ಕಡಲು ಸೇರುವ ಹೊಳೆ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು, ಕೆಸರಲ್ಲಿ ತಡಕಿ ತಡಕಿ ಬಳಚು ಆರಿಸುತ್ತಾರೆ. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೇ ಸೇರಿದ್ದು, ಬಾವನ ಗತ್ತು ಇನ್ನಷ್ಟು ಏರಿತು. "ಇದು ಅಂತರರಾಷ್ಟ್ರೀಯ ಬಳಚು ಮಾರಾಯ, ಸಂತೆ ಮಾಲಲ್ಲ" ಎನ್ನುತ್ತಾರೆ.

ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಅದನ್ನು ಘಟ್ಟ ಹತ್ತಿಸಿ ತಂದಮೇಲೆ ಶುರು ನಿಜವಾದ ಹಿಂಸೆ. ಬಳಚಿನ ಹೊಟ್ಟೆಯಲ್ಲಿ ಮರಳಿರುತ್ತದೆ. ಅದನ್ನು ಉಗುಳಿಸಲು ರಾತ್ರಿಯಿಡೀ ಉಪ್ಪುನೀರಲ್ಲಿ ಬಿಡಬೇಕು. ಲೀಟರಿಗೆ 30 ಗ್ರಾಂ ಕಲ್ಲುಪ್ಪು ತೂಗಿ ಹಾಕಿದ ಮೇಲೂ ಬಾವ ಬಕೆಟ್ಟಿಗೆ ಬೆರಳದ್ದಿ ನೆಕ್ಕುತ್ತಾರೆ, ನಮಗೂ ನೆಕ್ಕಿಸುತ್ತಾರೆ. ಬಳಚು ಬಾಯಿ ಬಿಡುವುದು ಕತ್ತಲಲ್ಲಿ, ಸದ್ದುಗದ್ದಲ ಇಲ್ಲದಾಗ. ಹಾಗೆಂದು ಬಕೆಟ್ಟಿನ ಮೇಲೊಂದು ತಟ್ಟೆ ಮುಚ್ಚಿದರೆ ಸಾಕಲ್ಲ? ಸಾಲದು. "ಗಾಳಿಯಾಡಬೇಕು" ಎಂದು ಬಕೆಟ್ ತೆರೆದಿಟ್ಟು, ಅಡುಗೆಮನೆಯ ದೀಪವನ್ನೇ ಆರಿಸಿಬಿಡುತ್ತಾರೆ. ಪಕ್ಕದ ಜಗಲಿಯದೂ ಆರುತ್ತದೆ. ಅಕ್ಕ ಮೊಬೈಲಿನ ಬೆಳಕನ್ನು ಸೆರಗಲ್ಲಿ ಮರೆಮಾಡಿ ಅನ್ನ ಬಡಿಸುತ್ತಾಳೆ. ನಾನು ಕತ್ತಲಲ್ಲಿ ಉಪ್ಪಿನಕಾಯಿ ಎಂದು ಬೆಲ್ಲ ಹಾಕಿಕೊಂಡು ಮಾತಾಡದೆ ಉಣ್ಣುತ್ತೇನೆ. ಮಗು ಕೆಮ್ಮಿದರೂ ಬಾವ "ಶ್!" ಎನ್ನುತ್ತಾರೆ. ಅಕ್ಕನ ಅತ್ತೆಗೆ ಎಂಬತ್ತರ ಮೇಲಾಯಿತು. ಅವರು ಒಂದು ಸಲ ಕತ್ತಲಲ್ಲೇ ಕೇಳಿದರು: "ಏನೋ, ಮನೇಲಿ ಯಾರಿಗಾದ್ರೂ ಬಾಣಂತನವೇನೋ?" ಬಾವ ಪಿಸುಗುಟ್ಟಿದರು: "ಅಲ್ಲವ್ವಾ, ಬಳಚಿಗೆ ನಾಚಿಕೆ."

ಬೆಳಿಗ್ಗೆ ಪರೀಕ್ಷೆ. ಬಾಯಿ ತೆರೆದಿರುವ ಒಂದೊಂದನ್ನೂ ಚಮಚದ ಹಿಡಿಯಿಂದ ಕುಟ್ಟಬೇಕು. ಮುಚ್ಚಿಕೊಂಡರೆ ಜೀವ ಇದೆ, ಇಲ್ಲವಾದರೆ ಆಚೆ. ಈ ಹುದ್ದೆ ನನ್ನದು. ಟಕ್ ಎಂದು ಕುಟ್ಟಿದಾಗ ಹೊರಚಾಚಿದ ಬಿಳಿ ನಾಲಿಗೆಯನ್ನು ಮೆಲ್ಲನೆ ಒಳಗೆಳೆದು, ಚಿಪ್ಪಿನ ಎರಡು ಅಂಚು ಕೂದಲೆಳೆಯೂ ತೂರದಂತೆ ಕೂಡಿಕೊಳ್ಳುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇದನ್ನು ಬಾವನೆದುರು ಒಪ್ಪಿಕೊಳ್ಳಲಾರೆ. ಒಪ್ಪಿಕೊಂಡರೆ ಹುದ್ದೆ ಕಾಯಂ ಆಗುತ್ತದೆ.

ಅಡುಗೆ ಯಾವುದು ಎನ್ನುತ್ತೀರೋ? ಕೊರಿಯಾದವರು ಕತ್ತಿಯಲ್ಲಿ ಕೊಯ್ದ ನೂಡಲ್ಸನ್ನು ಬಳಚಿನ ತಿಳಿಸಾರಿಗೆ ಹಾಕಿ ಉಣ್ಣುವುದನ್ನು ಬಾವ ಮೊಬೈಲಲ್ಲಿ ಕಂಡರು. ನೋಡಿ ಮುಗಿಸಿ, "ನಮ್ಮ ಒತ್ತುಶಾವಿಗೆ ಏನು ಕಮ್ಮಿ?" ಎಂದರು. ಕಮ್ಮಿ ಏನೂ ಇಲ್ಲ, ಒತ್ತುವವರು ಮಾತ್ರ ಬೇಕು. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಕಾಸಿ, ಉಂಡೆ ಕಟ್ಟಿ, ಬೇಯಿಸಿ, ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ಇಷ್ಟನ್ನೂ ಅಕ್ಕ ಮಾಡುತ್ತಾಳೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾರೆ, ಮಗಳು ಕಾಯಿ ತುರಿಯುತ್ತಾಳೆ. ಬಾವನ ಪಾಲಿನದು ಹತ್ತು ನಿಮಿಷದ್ದು: ಬೆಳ್ಳುಳ್ಳಿ, ಜಜ್ಜಿದ ಕಾಳುಮೆಣಸು, ಉಪ್ಪಾಗೆ ಹುಳಿ ಹಾಕಿ ಕುದಿಸಿದ ನೀರಿಗೆ ಬಳಚು ಸುರಿದು ಮುಚ್ಚಿ, ಬಾಯಿ ಬಿಟ್ಟ ಕೂಡಲೇ ಇಳಿಸಿ, ತೆಳ್ಳಗೆ ಕಾಯಿಹಾಲು ಹಾಕುವುದು. ಬೆಂದ ಮೇಲೂ ಬಾಯಿ ಬಿಡದ್ದನ್ನು ಎಸೆಯುತ್ತಾರೆ. "ಉಪ್ಪು ಹಾಕಬೇಡಿ, ಬಳಚಿನ ನೀರಲ್ಲೇ ಇರ್ತದೆ" ಎಂದು ಅಕ್ಕ ಬಾಗಿಲಿಂದ ಹೇಳುತ್ತಾಳೆ. ಐದು ನಿಮಿಷ ಕಳೆದು ಅದೇ ಮಾತನ್ನು ಬಾವ ನಮಗೆ ಗುಟ್ಟಿನಂತೆ ಹೇಳುತ್ತಾರೆ.

ಮನೆಯಲ್ಲಿರುವ ಪಾತ್ರೆಯೆಲ್ಲ ಸಿಂಕಿಗೆ ಬಿದ್ದಿರುತ್ತದೆ. ಬಾಯಿಗಿಟ್ಟ ತುತ್ತು ಗಂಟಲು ದಾಟುವ ಮೊದಲೇ "ಹ್ಯಾಗೈತಿ?" "ಚೆನ್ನಾಗಿದೆ" ಎಂದರೆ ಸಾಲದು, ಯಾಕೆ ಚೆನ್ನಾಗಿದೆ ಎಂದೂ ಹೇಳಬೇಕು. ದುರದೃಷ್ಟ ಎಂದರೆ ನಿಜಕ್ಕೂ ಚೆನ್ನಾಗಿರುತ್ತದೆ. ಹುಳಿ, ಖಾರ, ಕಡಲಿನ ಉಪ್ಪು, ಎಲ್ಲವನ್ನೂ ಶಾವಿಗೆಯ ಎಳೆ ಹೀರಿಕೊಂಡಿರುತ್ತದೆ. ಸಾಕು ಸಾಕು ಎನ್ನುತ್ತಲೇ ನಾನು ಮೂರನೇ ಸಲ ಬಟ್ಟಲು ಚಾಚಿರುತ್ತೇನೆ.

ಬಾವ ಹುಡುಗನಾಗಿದ್ದಾಗ ಇದಕ್ಕೆಲ್ಲ ಘಟ್ಟ ಇಳಿಯುವ ಕೆಲಸವಿರಲಿಲ್ಲವಂತೆ. ಮೊದಲ ಮಳೆಗೆ ಗದ್ದೆ ಅಂಚಿನ ಬಿಲದಿಂದ ಏಡಿ ಹೊರಬರುತ್ತಿದ್ದವು. ರಾತ್ರಿ ಬೆಳಕು ಹಿಡಿದು ಹೋದರೆ ಬುಟ್ಟಿ ತುಂಬುತ್ತಿತ್ತು. ಬೇಸಿಗೆಯಲ್ಲಿ ಕೆರೆಬೇಟೆ, ಊರಿಗೆ ಊರೇ ಮೀನು ಹಿಡಿಯುವ ಕೂಣಿ ಹೊತ್ತು ಕೆಸರಿಗೆ ಧುಮುಕುವುದು. ಆ ಏಡಿಸಾರಿಗೂ ಶಾವಿಗೆ ಒತ್ತುತ್ತಿದ್ದವರು ಅವರ ಅವ್ವನೇ. ಈಗ ಆ ಗದ್ದೆ ಇಲ್ಲ. ಸೊರಬ, ಶಿಕಾರಿಪುರದ ಕಡೆ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು, ಕೆಲವು ಕಡೆ ಶುಂಠಿ, ಮೆಕ್ಕೆಜೋಳ ಬಂದವು. ಬಾವನೂ ಕಾಲುವೆ ತೆಗೆಸಿ, ನೀರು ಬಸಿದು, ಏಡಿ ಇದ್ದ ಅಂಚಿನ ಮೇಲೇ ಅಡಿಕೆ ಸಸಿ ನೆಟ್ಟವರು. ಶಾವಿಗೆಗೆ ಅಕ್ಕಿ ಅಂಗಡಿಯಿಂದ ಬರುತ್ತದೆ. "ಅಡಿಕೆ ದುಡ್ಡಲ್ಲೇ ತಾನೇ ಕುಮಟಾಕ್ಕೆ ಹೋಗೋದು" ಎನ್ನುತ್ತಾರೆ. ತಮಾಷೆಗೆ ಹೇಳುತ್ತಾರೋ ಬೇಜಾರಿಗೋ, ನಾನು ಕೇಳಿಲ್ಲ. ಬಳಚಿನ ಚಿಪ್ಪು ಆ ಮರಗಳ ಬುಡಕ್ಕೇ ಬೀಳುತ್ತದೆ.

ಹೋದ ಸಲ ಕೈ ತೊಳೆಯುತ್ತಿದ್ದಾಗಲೇ ಮುಂದಿನ ಯೋಜನೆ ಹೊರಬಿತ್ತು. "ಅಮಾವಾಸ್ಯೆಗೆ ಇಳಿತ ಜೋರು ಇರ್ತದೆ, ದೊಡ್ಡ ಬಳಚು ಸಿಗ್ತವೆ. ನೀನೂ ಬಾರೋ."

"ಅಮಾವಾಸ್ಯೆ ದಿನ ಮನೇಲಿ ಮೀನು-ಮಾಂಸ ಇಲ್ಲ" ಎಂದಳು ಅಕ್ಕ ಸಿಂಕಿನಿಂದ.

"ಹುಣ್ಣಿಮೆಗೂ ಅಷ್ಟೇ ಇಳೀತದೆ."

"ಹುಣ್ಣಿಮೆಗೆ ನಾನೇ ಇರಲ್ಲ. ಅಮ್ಮನ ಮನೆಗೆ ಹೋಗ್ತೀನಿ, ಶಾವಿಗೆ ನೀವೇ ಒತ್ಕೊಳ್ಳಿ."

ಬಾವ ನನ್ನ ಕಡೆ ತಿರುಗಿ, ನನ್ನ ತೋಳನ್ನು ಹಿಡಿದು ಅದುಮಿ ನೋಡಿದರು.