ಬಲ್ಬ್ ಮೀಮಾಂಸೆ: ಒಂದು ಕಿರುಭಾಷ್ಯ

ಸರಳ ಸರ್ಕ್ಯೂಟಿನ ವಿಷಯದಲ್ಲಿ ಕಾಲೇಜು ಹುಡುಗರ ತಲೆಯಲ್ಲಿರುವುದೆಲ್ಲ ತಪ್ಪು ಎಂದು ಮೇಷ್ಟರುಗಳು ಗೊಣಗುವುದುಂಟು. ಇದು ಅನ್ಯಾಯ. ಅವು ತಪ್ಪುಗಳಲ್ಲ, ದರ್ಶನಗಳು. ಪೂರ್ವಪಕ್ಷವನ್ನು ಕೇಳದೆ ಸೊನ್ನೆ ಸುತ್ತುವುದು ಶಾಸ್ತ್ರಸಮ್ಮತವಲ್ಲವಾದ್ದರಿಂದ ಈ ಭಾಷ್ಯ.

ಮೊದಲು ಪ್ರಮಾಣ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮ್ಯಾಕ್‌ಡರ್ಮಟ್ ಮತ್ತು ಪೀಟರ್ ಶಾಫರ್ ಒಂದೇ ತರಹದ ಐದು ಬಲ್ಬುಗಳ ಚಿತ್ರ ಬರೆದು ವಿದ್ಯಾರ್ಥಿಗಳ ಮುಂದಿಟ್ಟರು. ಒಂದು ಬ್ಯಾಟರಿಗೆ ಒಂಟಿ ಬಲ್ಬು, ಅಂಥದ್ದೇ ಇನ್ನೊಂದಕ್ಕೆ ಸರಣಿಯಲ್ಲಿ ಎರಡು, ಮತ್ತೊಂದಕ್ಕೆ ಸಮಾಂತರದಲ್ಲಿ ಎರಡು. ಯಾವುದು ಪ್ರಖರ, ಯಾವುದು ಮಂಕು? 1992ರಲ್ಲಿ ಅವರು ಪ್ರಕಟಿಸಿದಂತೆ ಸರಿಯುತ್ತರ ಕೊಟ್ಟವರು ನೂರಕ್ಕೆ ಸುಮಾರು 15. ಪಾಠ ಮುಗಿದ ಮೇಲೂ ಗತಿ ಹೆಚ್ಚುಕಡಿಮೆ ಅದೇ. ಪ್ರಜಾಪ್ರಭುತ್ವದಲ್ಲಿ ಉಳಿದವರ ಬಹುಮತಕ್ಕೆ ಬೆಲೆಯಿಲ್ಲವೇ?

ಬಹುಮತದಲ್ಲಿ ಪ್ರಬಲವಾದದ್ದು ವ್ಯಯವಾದ. ಕರೆಂಟು ಬಲ್ಬಿನಲ್ಲಿ ಖರ್ಚಾಗುತ್ತದೆ ಎಂಬುದು ಇದರ ಸಾರ. ಮದುವೆಮನೆಯ ಪಂಕ್ತಿಯಲ್ಲಿ ಪಾಯಸದ ಬಕೆಟ್ಟು ಕೊನೆಯ ಎಲೆ ಮುಟ್ಟುವಷ್ಟರಲ್ಲಿ ತಳ ಕಾಣುವುದನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಸರಣಿಯ ಮೊದಲ ಬಲ್ಬು ಕುಡಿದು ಮಿಕ್ಕಿದ್ದು ಎರಡನೆಯದಕ್ಕೆ. ಆದರೆ ಮೊದಲನೆಯದು ಯಾವುದು? ಕರೆಂಟು ಧನದಿಂದ ಋಣಕ್ಕೆ ಎನ್ನುತ್ತದೆ ಪಠ್ಯದ ಒಂದು ಪುಟ. ಎಲೆಕ್ಟ್ರಾನು ಋಣದಿಂದ ಧನಕ್ಕೆ ಎನ್ನುತ್ತದೆ ಮುಂದಿನ ಪುಟ. ಹೀಗೆ ತೆಂಕಲೆ-ವಡಕಲೆ ಹುಟ್ಟಿ, ಒಂದೇ ಪಂಕ್ತಿಯ ಎರಡು ತುದಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದಾರೆ. ಆಮ್ಮೀಟರೆಂಬ ನಾಸ್ತಿಕ ಮಾತ್ರ ಬಲ್ಬಿನ ಎರಡೂ ಬದಿಯಲ್ಲಿ ಅದೇ ಅಂಕಿ ತೋರಿಸುತ್ತದೆ. ಮೀಟರು ಕೆಟ್ಟಿದೆ ಎಂಬುದು ಸಂಪ್ರದಾಯಸ್ಥರ ಸಮಾಧಾನ.

ಅವರನ್ನು ಬೈಯಲು ನಮಗೇನು ಹಕ್ಕು? ನಾವೂ ತಿಂಗಳು ತಿಂಗಳು ಕಟ್ಟುವುದು 'ಕರೆಂಟ್ ಬಿಲ್'. ಅದರಲ್ಲಿ ಎಣಿಸಿರುವುದು ಶಕ್ತಿಯ ಯೂನಿಟ್ಟು. ನಮ್ಮ ಮಾತಿನಲ್ಲಿ ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ. ಸುತ್ತಿ ವಾಪಸ್ ಬಂದದ್ದನ್ನು ಹೇಳಿದವರಿಲ್ಲ.

ಎರಡನೆಯದು ಪಡಿತರವಾದ. ಬ್ಯಾಟರಿಯೊಂದು ನ್ಯಾಯಬೆಲೆ ಅಂಗಡಿ. ಮನೆಗೆ ಇಷ್ಟೇ ಅಕ್ಕಿ, ಬಾಯಿ ಎಷ್ಟಿದ್ದರೂ ಹಂಚಿಕೊಳ್ಳಿ. ಆದ್ದರಿಂದ ಸಮಾಂತರದ ಜೋಡಿ ಮಂಕಾಗಲೇಬೇಕು. ಅವು ಒಂಟಿ ಬಲ್ಬಿನಷ್ಟೇ ಬೆಳಗುತ್ತವೆ, ಬ್ಯಾಟರಿ ಕಾಯ್ದುಕೊಳ್ಳುವುದು ವೋಲ್ಟೇಜನ್ನು, ಕರೆಂಟು ಕೇಳಿದಷ್ಟು ಎಂಬ ವಾದ ಆಹಾರ ಇಲಾಖೆಗೆ ಒಪ್ಪಿಗೆಯಾಗಲಾರದು.

ಮೂರನೆಯದು ಏಕತಂತಿ ಅದ್ವೈತ: ಎರಡನೆಯ ವೈರು ಬರೀ ಮಾಯೆ. 1997ರ 'ಮೈಂಡ್ಸ್ ಆಫ್ ಅವರ್ ಓನ್' ಸಾಕ್ಷ್ಯಚಿತ್ರದಲ್ಲಿ ಎಂಐಟಿಯ ಪದವೀಧರರ ಕೈಗೆ ಬ್ಯಾಟರಿ, ಬಲ್ಬು, ಒಂದು ವೈರು ಕೊಟ್ಟಾಗ ಕೆಲವರು ತಡವರಿಸಿದ್ದನ್ನು ಈ ಮತದ ದಿಗ್ವಿಜಯವೆಂದೇ ತಿಳಿಯಬೇಕು. ಟಾರ್ಚ್ ಬಲ್ಬಿನ ಬುಡದ ಚುಕ್ಕಿ ಒಂದು ತುದಿ, ಪಕ್ಕದ ತಗಡು ಇನ್ನೊಂದು ತುದಿ ಎಂಬ ದ್ವೈತರಹಸ್ಯ ಪದವಿಯ ಯಾವ ಪತ್ರಿಕೆಯಲ್ಲೂ ಪ್ರಶ್ನೆಯಾಗಿ ಬಂದಿರಲಿಕ್ಕಿಲ್ಲ. ಓಮನ ನಿಯಮದ ಲೆಕ್ಕ ಬಂದಿರುತ್ತದೆ. ಅದನ್ನು ಎಲ್ಲರೂ ಮಾಡಿರುತ್ತಾರೆ.

ಸಿದ್ಧಾಂತಪಕ್ಷ ಹುಡುಕಿಕೊಂಡು ನಾನು ಹೋದದ್ದು ನಮ್ಮ ಬೀದಿಯ ಗಣಪತಿ ಪೆಂಡಾಲಿಗೆ. ಸೀರಿಯಲ್ ಸೆಟ್ಟು ಸಾಲಿಗೆ ಸಾಲೇ ಆರಿತ್ತು. ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ನನ್ನು, "ಮುಂದಿನ ಬಲ್ಬು ಕರೆಂಟೆಲ್ಲ ತಿಂದುಹಾಕಿತೇನಪ್ಪಾ?" ಎಂದು ಕೆದಕಿದೆ.

"ಎಲ್ಲೋ ಒಂದು ಹೋಗಿದೆ ಸಾರ್, ಅದಕ್ಕೇ ಎಲ್ಲಾ ಹೋಗಿದೆ."

"ಇದಕ್ಕೆ ಪ್ರಮಾಣ?"

"ಮೊದ್ಲು ವೈರಿಂದ ಕೈ ತೆಗೀರಿ ಸಾರ್, ಸ್ವಿಚ್ ಆಫ್ ಮಾಡಿಲ್ಲ."